ಫ್ರೀಜರಿನ ಮೇಲೆ ನಯಾಗರಾ

ನಯಾಗರಾ ಜಲಪಾತ ಮತ್ತೆ ಒಂದಿಷ್ಟು ಕೆಳಗೆ ಜಾರಿತ್ತು. ಎಮಿಲ್ ಹಡಾಕ್ ನೆಲಮಾಳಿಗೆಯ ಕೊನೆಯ ಮೆಟ್ಟಿಲ ಮೇಲೆ ನಿಂತು ಅದನ್ನು ನೋಡಿದ. ಅಂಗೈಯಗಲದ ಆಯಸ್ಕಾಂತದ ಬಿಲ್ಲೆ, ಅದರ ಮೇಲೆ ನೀಲಿ ನೀರು, ಬಿಳಿ ನೊರೆ, ಒಂದು ದೋಣಿ. ಮದುವೆಯಾದ ಹೊಸದರಲ್ಲಿ ಇಬ್ಬರೂ ಹೋಗಿದ್ದಾಗ ಡೊಲೋರಿಸ್ ಕೊಂಡದ್ದು. ಅಂದಿನಿಂದ ಅದು ಮೇಲಿನ ಅಡುಗೆಮನೆಯ ಫ್ರಿಜ್ಜಿನ ಬಾಗಿಲಿಗೆ ಚರ್ಚಿನ ಕ್ಯಾಲೆಂಡರನ್ನು ಹಿಡಿದುಕೊಂಡಿತ್ತು. ಈಗ ಕೆಳಗೆ, ಮಾಂಸವಿಡುವ ದೊಡ್ಡ ಫ್ರೀಜರಿನ ಪಕ್ಕೆಯಲ್ಲಿ, ಮೊಣಕಾಲಿಗಿಂತ ತುಸು ಮೇಲೆ, ಬುದ್ಧಿ ನೆಟ್ಟಗಿರುವ ಯಾರೂ ಆಯಸ್ಕಾಂತ ಅಂಟಿಸದ ಜಾಗದಲ್ಲಿ ಅಂಟಿಕೊಂಡಿತ್ತು. ಫ್ರೀಜರು ಅದುರುವಾಗಲೆಲ್ಲ ಅದು ಇಷ್ಟಿಷ್ಟೇ ಜಾರುತ್ತಿತ್ತು. ಜಾರಿದ ಕಡೆ ಬಿಳಿ ತಗಡಿನಲ್ಲಿ ಕಪ್ಪಗೆ ಅರ್ಧ ತೂತು ಕಾಣುತ್ತಿತ್ತು. ಎಮಿಲ್ ಬಗ್ಗಿ ಎಡಗೈಯಿಂದ ಜಲಪಾತವನ್ನು ಮೇಲಕ್ಕೆ ತಳ್ಳಿದ. ತೂತು ಮುಚ್ಚಿತು. ಇದು ಅವನ ದಿನದ ಮೊದಲ ಕೆಲಸವಾಗಿ ಕೆಲವು ವಾರಗಳೇ ಆಗಿದ್ದವು.

ಮೇಲಿಂದ ಡೊಲೋರಿಸ್ ಏನೋ ಕೂಗಿದಳು. ಅವನಿಗೆ ಕೇಳಿಸಿದ್ದು ಗುಂಯ್ ಎಂಬ ಸದ್ದು ಮಾತ್ರ. ಫ್ರೀಜರೂ ಗುಂಯ್ ಎನ್ನುತ್ತಿತ್ತು, ಅವನ ಕಿವಿಯೂ ಗುಂಯ್ ಎನ್ನುತ್ತಿತ್ತು. ಆ ಗುರುವಾರದಿಂದೀಚೆಗೆ ಯಾವುದು ಯಾವುದೆಂದು ಬಿಡಿಸಿಕೊಳ್ಳುವುದು ಕಷ್ಟವಾಗಿತ್ತು.

"ಆಲೂಗಡ್ಡೆ!" ಡೊಲೋರಿಸ್ ಮೆಟ್ಟಿಲ ತಲೆಗೇ ಬಂದು ನಿಂತಳು. "ಆಲೂಗಡ್ಡೆ ತಗೊಂಬಾ ಅಂತ ಕಳಿಸಿದ್ದು. ಅಲ್ಲೇನು, ಫ್ರೀಜರ್ ಮುಂದೆ ಪ್ರಾರ್ಥನೆ ಮಾಡ್ತಿದೀಯಾ?"

"ಬಂದೆ."

"ಕ್ಲೈಡ್ ಊಟಕ್ಕೆ ಬರ್ತಾನೆ. ಹೇಳಿದ್ದಕ್ಕಿಂತ ಮುಂಚೆನೇ ಬರೋ ಆಸಾಮಿ ಅವನು. ನೀನಿನ್ನೂ ಶರ್ಟೂ ಬದಲಾಯಿಸಿಲ್ಲ."

ಕ್ಲೈಡ್ ಬೌಮನ್ ಅವರ ಶೂಟಿಂಗ್ ಕ್ಲಬ್ಬಿನ ಅಧ್ಯಕ್ಷ. ಉಕ್ಕಿನ ಕಾರ್ಖಾನೆ ನಡೆಯುತ್ತಿದ್ದ ಕಾಲದಿಂದಲೂ ಎಮಿಲನ ಗೆಳೆಯ. ಇಬ್ಬರೂ ಒಂದೇ ಯಂತ್ರಶಾಲೆಯಲ್ಲಿ, ಅಕ್ಕಪಕ್ಕದ ಲೇತುಗಳ ಮುಂದೆ ನಿಂತು ಮುದುಕರಾದವರು. ಇವತ್ತು ಅವನು ಬರುತ್ತಿದ್ದದ್ದು ಊಟಕ್ಕಷ್ಟೇ ಅಲ್ಲ. ಡೊಲೋರಿಸ್ ಹೊಡೆದ ಜಿಂಕೆಯ ಕೊಂಬನ್ನು ಕ್ಲಬ್ಬಿಗೆ ಒಯ್ಯಲಿಕ್ಕೆ. ಕೊಂಬನ್ನು ಕೂರಿಸುವ ಹಲಗೆಯನ್ನು ಎಮಿಲನೇ ಮಾಡಿದ್ದ, ಒಂದೇ ಕೈಯಲ್ಲಿ ಉಜ್ಜಿ ಮೆರುಗೆಣ್ಣೆ ಬಳಿದಿದ್ದ. ಅದು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಸಿಕೊಂಡು ಮುಂಬಾಗಿಲ ಪಕ್ಕದಲ್ಲಿ, ಊರಿಗೆ ಹೊರಟವರ ಹಾಗೆ ತಯಾರಾಗಿ ಕೂತಿತ್ತು.

ಅವನು ಆಲೂಗಡ್ಡೆಯ ಚೀಲದ ಬಾಯಿಯನ್ನು ಬಲಗೈಯಲ್ಲಿ ಹಿಡಿಯಲು ಹೋದ. ಹೆಬ್ಬೆರಳು ಬರಲಿಲ್ಲ. ಹೋದ ಬೇಸಿಗೆಯಲ್ಲಿ ಸಣ್ಣದೊಂದು ಸ್ಟ್ರೋಕ್ ಆಗಿತ್ತು. ಡಾಕ್ಟರು "ಸಣ್ಣದು" ಎಂಬ ಮಾತನ್ನು ಎಷ್ಟು ಸಲ ಹೇಳಿದರೆಂದರೆ, ಅದಕ್ಕಿಂತ ದೊಡ್ಡದೊಂದನ್ನು ತರಲಿಲ್ಲವಲ್ಲ ಎಂದು ಎಮಿಲನಿಗೆ ನಾಚಿಕೆಯೇ ಆಗಿತ್ತು. ಕಾಲು ಸರಿಹೋಯಿತು, ಮಾತು ಸರಿಹೋಯಿತು, ನಾಲ್ಕು ಬೆರಳು ಸರಿಹೋದವು. ಬಲಗೈಯ ಹೆಬ್ಬೆರಳೊಂದು ಮಾತ್ರ ತನಗೂ ಈ ಮನೆಗೂ ಸಂಬಂಧವಿಲ್ಲವೆಂಬಂತೆ ಕೂತುಬಿಟ್ಟಿತು. ಗುಂಡಿ ಹಾಕಲು, ಚಮಚ ಹಿಡಿಯಲು, ಶಿಲುಬೆಯ ಗುರುತು ಮಾಡಲು ಹೆಬ್ಬೆರಳು ಎಷ್ಟು ಬೇಕೆಂದು ಅದು ಹೋದ ಮೇಲೆಯೇ ಅವನಿಗೆ ತಿಳಿದದ್ದು. ಅವನ ಪಿಸ್ತೂಲಿಗಂತೂ ಅದಿಲ್ಲದೆ ನಡೆಯುತ್ತಲೇ ಇರಲಿಲ್ಲ. ದಪ್ಪ ಗುಂಡಿನ ಹಳೆಯ ಮಾದರಿಯ ಪಿಸ್ತೂಲು. ಟ್ರಿಗರ್ ತಡೆಯುವ ಸೇಫ್ಟಿಯ ಸಣ್ಣ ಕೀಲು ಎಡಪಕ್ಕೆಯಲ್ಲಿ, ಬಲ ಹೆಬ್ಬೆರಳು ತಾನಾಗಿ ಹೋಗಿ ಕೂರುವ ಜಾಗದಲ್ಲಿತ್ತು. ಹಿಡಿಯೊಳಗಿನ ಗುಂಡಿನ ಡಬ್ಬಿಯನ್ನು ಕೆಳಕ್ಕೆ ಜಾರಿಸುವ ಒತ್ತುಗುಂಡಿಯೂ ಅಲ್ಲೇ. ಎಡಗೈಯವರು ಹುಟ್ಟಿಯೇ ಇಲ್ಲವೆಂದುಕೊಂಡು ಮಾಡಿದ ಯಂತ್ರ ಅದು, ಮತ್ತು ಎಮಿಲ್ ತನ್ನ ಎಪ್ಪತ್ತು ವರ್ಷ ಅದನ್ನು ತಪ್ಪೆಂದು ಎಣಿಸಿರಲಿಲ್ಲ.

"ಪಟ್ಟಣದಲ್ಲಿ ರಿಪೇರಿಯವನಿದಾನೆ, ಅವನಿಗೆ ಕೊಡು ಮಾರಾಯ. ಎರಡೂ ಕಡೆ ಕೀಲಿರೋದು ಹಾಕ್ಕೊಡ್ತಾನೆ" ಎಂದಿದ್ದ ಕ್ಲೈಡ್.

"ನನ್ನ ಪಿಸ್ತೂಲಿಗೆ ಇನ್ನೊಬ್ಬನ ಅರ ಮುಟ್ಟಲ್ಲ" ಎಂದಿದ್ದ ಎಮಿಲ್.

ಹಾಗೆ ಹೇಳದೆ ಬೇರೇನು ಹೇಳಬಹುದಿತ್ತು? ಅವರಿದ್ದ ಕಣಿವೆಯಲ್ಲಿ ತನ್ನ ಟ್ರಕ್ಕನ್ನು, ತನ್ನ ಬಾಯ್ಲರನ್ನು, ತನ್ನ ಕೋವಿಯನ್ನು ಇನ್ನೊಬ್ಬನ ಕೈಗೆ ಕೊಡುವವನು ಹಾಸಿಗೆ ಹಿಡಿದಿದ್ದಾನೆಂದೇ ಅರ್ಥ. ಎರಡು ಬದಿಗೂ ಚಾಚುವ ಸೇಫ್ಟಿ ಕೀಲನ್ನು ಅಂಚೆಯಲ್ಲಿ ತರಿಸಿದ. ಅಂಥ ಬಿಡಿಭಾಗಗಳು ಬರುವಾಗ ಬೇಕೆಂದೇ ತುಸು ದಪ್ಪಗಿರುತ್ತವೆ, ಕೂರಿಸುವವನು ತನ್ನ ಪಿಸ್ತೂಲಿಗೆ ತಕ್ಕಂತೆ ಉಜ್ಜಿಕೊಳ್ಳಬೇಕು. ಒಂದು ಸಲ ಅರ ಆಡಿಸು, ಕೂರಿಸಿ ನೋಡು, ಬಿಚ್ಚು, ಮತ್ತೆ ಒಂದು ಸಲ. ಉಜ್ಜಿದ್ದನ್ನು ಮರಳಿ ಅಂಟಿಸಲು ಬರುವುದಿಲ್ಲ. ಕಾರ್ಖಾನೆಯಲ್ಲಿ ಅವನು ಕೂದಲೆಳೆಯ ಲೆಕ್ಕದಲ್ಲಿ ಕೆಲಸ ಮಾಡಿದವನು. ಆದರೆ ಆ ಲೆಕ್ಕ ಬಲಗೈಯಲ್ಲಿತ್ತು. ಎಡಗೈಗೆ ಅರ ಹಿಡಿಸಿ ಕೂತಾಗ, ತನ್ನ ಕೆಲಸವನ್ನು ತಾನೇ ಹೆಗಲ ಮೇಲಿಂದ ಇಣುಕಿ ನೋಡುತ್ತಿರುವ ಮೇಸ್ತ್ರಿಯಂತೆ ಅವನಿಗೆ ಭಾಸವಾಗುತ್ತಿತ್ತು, ಮತ್ತು ಮೇಸ್ತ್ರಿಗೆ ಕೆಲಸ ಹಿಡಿಸುತ್ತಿರಲಿಲ್ಲ. ಕೊನೆಗೂ ಕೀಲು ಕೂತಿತು. ಮೇಲಕ್ಕೆ ಒತ್ತಿದರೆ ಟಿಕ್ ಎನ್ನುತ್ತಿತ್ತು. ಆ ಟಿಕ್ ಕೇಳಿ ಅವನಿಗೆ ಕಣ್ಣು ತುಂಬಿ ಬಂದದ್ದನ್ನು ನೆಲಮಾಳಿಗೆಯಲ್ಲಿ ಯಾರೂ ನೋಡಲಿಲ್ಲ. ಪಿಸ್ತೂಲಿಗೆ ಗುಂಡು ತುಂಬಿ ಮಲಗುವ ಕೋಣೆಯ ಡ್ರಾಯರಿನಲ್ಲಿ, ಅದು ಯಾವಾಗಲೂ ಇರುತ್ತಿದ್ದ ಜಾಗದಲ್ಲಿ, ಇಟ್ಟ.

ಅಡುಗೆಮನೆ ಬೆಚ್ಚಗಿತ್ತು. ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಜಿಂಕೆಯ ತೊಡೆಮಾಂಸ ಈರುಳ್ಳಿಯ ಜೊತೆ ಬೇಯುತ್ತಿತ್ತು. ಇತ್ತೀಚೆಗೆ ಮನೆಯಲ್ಲಿ ಜಿಂಕೆಯದೇ ಊಟ. ಮಾಂಸ ತಿನ್ನದ ಶುಕ್ರವಾರ ಬಿಟ್ಟು ದಿನವೂ ಜಿಂಕೆ. ಸೂಪಿನಲ್ಲಿ ಜಿಂಕೆ, ಎಲೆಕೋಸಿನಲ್ಲಿ ಜಿಂಕೆ, ಬೆಳಿಗ್ಗೆ ಮೊಟ್ಟೆಯ ಜೊತೆ ಜಿಂಕೆ, ಅದೂ ಸಾಸಿವೆಯಷ್ಟು ಸಣ್ಣಗೆ ಹೆಚ್ಚಿದ್ದು. ಮುಂಚೆ ಡೊಲೋರಿಸ್ ಹೀಗೆ ಮಾಡುತ್ತಿರಲಿಲ್ಲ. ತನ್ನ ಜಿಂಕೆ ಎಂಬ ಹೆಮ್ಮೆಗೆ ಮಾಡುತ್ತಿದ್ದಾಳೆಂದುಕೊಂಡು, ಎಮಿಲ್ ಮರುಮಾತಾಡದೆ ತಿನ್ನುತ್ತಿದ್ದ. ಫ್ರಿಜ್ಜಿನ ಬಾಗಿಲ ಮೇಲೆ ಕ್ಯಾಲೆಂಡರು ಟೇಪಿನಲ್ಲಿ ಅಂಟಿತ್ತು. ಜಲಪಾತ ಮಾಯವಾದ ಮರುದಿನ ಅದು ನೆಲಕ್ಕೆ ಬಿದ್ದಿತ್ತು. ಡೊಲೋರಿಸ್ ಅದನ್ನೆತ್ತಿ, ಧೂಳು ಕೊಡವಿ, ಟೇಪು ಹರಿದು ಅಂಟಿಸಿದ್ದಳು. ಬಿಲ್ಲೆ ಎಲ್ಲಿ ಹೋಯಿತೆಂದು ಕೇಳಲಿಲ್ಲ. ಕೇಳಿದರೆ ಹೇಳಲು ಅವನು ಒಂದು ಉತ್ತರ ಹೊಸೆದಿಟ್ಟುಕೊಂಡಿದ್ದ. ಅವಳು ಕೇಳದ್ದರಿಂದ ಅದು ಹಾಗೇ ಬಾಯಲ್ಲಿ ಉಳಿದು ಹಳಸಿತು.

"ಡೊಲೋರಿಸ್" ಎಂದ ಎಮಿಲ್, ಆಲೂಗಡ್ಡೆ ಇಳಿಸಿ.

"ಹೂಂ?"

ಅವಳು ತಿರುಗಿ ನೋಡಿದಳು. ಕೈಯಲ್ಲಿ ಸೌಟು, ಕನ್ನಡಕ ಹಬೆಯಿಂದ ಮಂಜಾಗಿತ್ತು. ಮಂಜಿನ ಹಿಂದೆ ಕಣ್ಣು ಏನನ್ನೋ ಕಾಯುತ್ತಿದ್ದಂತೆ ಅವನಿಗೆ ಅನ್ನಿಸಿತು.

"ಉಪ್ಪು ನೋಡಿದ್ಯಾ?"

"ನೋಡ್ದೆ" ಎಂದು ಅವಳು ಒಲೆಯ ಕಡೆ ತಿರುಗಿದಳು.

ಆ ಗುರುವಾರ ಡೊಲೋರಿಸ್ ಚರ್ಚಿನ ಅಡುಗೆಮನೆಗೆ ಹೋಗಿದ್ದಳು. ಈಸ್ಟರಿಗೆ ಮುಂಚಿನ ಉಪವಾಸದ ವಾರಗಳಲ್ಲಿ ಹೆಂಗಸರು ಗುರುವಾರ ಕೂತು ಆಲೂಗಡ್ಡೆ ತುಂಬಿದ ಪಿರೋಹಿ ಕಡುಬು ಮಡಚುತ್ತಾರೆ, ಶುಕ್ರವಾರ ಊರೆಲ್ಲ ಬಂದು ಕೊಂಡು ತಿನ್ನುತ್ತದೆ. ಮನೆಯಲ್ಲಿ ಒಬ್ಬನೇ ಇದ್ದ ಎಮಿಲನಿಗೆ ಕೀಲು ತುಸು ಬಿಗಿಯಾಯಿತೇನೋ ಎಂಬ ಅನುಮಾನ ಬಂತು. ಡ್ರಾಯರಿನಿಂದ ಪಿಸ್ತೂಲು ತೆಗೆದುಕೊಂಡು ಕೆಳಗಿಳಿದ. ನೆಲಮಾಳಿಗೆಯ ಮೇಜಿನ ಎದುರು ಗೋಡೆಯ ಮೇಲೆ ಅವನದೇ ಅಕ್ಷರದ ಹಲಗೆಯೊಂದಿತ್ತು: ಈ ಮೇಜಿಗೆ ಗುಂಡು ಬರಬಾರದು. ಮುಂಚೆ ಆದರೆ ಮೇಲೆಯೇ, ಹಾಸಿಗೆಯ ಪಕ್ಕದಲ್ಲೇ ಗುಂಡು ತೆಗೆದಿಟ್ಟು ಬರುತ್ತಿದ್ದ. ಬಲಗೈಯಲ್ಲಿ ಅದೊಂದು ಕೆಲಸವೇ ಆಗಿರಲಿಲ್ಲ. ಹೆಬ್ಬೆರಳು ಒತ್ತುತ್ತದೆ, ಡಬ್ಬಿ ಕೆಳಗೆ ಜಾರುತ್ತದೆ, ಎಡಗೈ ನಳಿಗೆಯ ಮೇಲೆ ಜಾರುವ ಸ್ಲೈಡನ್ನು ಹಿಂದಕ್ಕೆಳೆಯುತ್ತದೆ, ನಳಿಗೆಯಲ್ಲಿದ್ದ ಕೊನೆಯ ಗುಂಡು ಹೊರಗೆ ಹಾರುತ್ತದೆ. ಮೊದಲು ಡಬ್ಬಿ, ಆಮೇಲೆ ಸ್ಲೈಡು. ಇದನ್ನು ಅವನು ಕ್ಲಬ್ಬಿಗೆ ಹೊಸದಾಗಿ ಸೇರಿದವರಿಗೆಲ್ಲ ಹೇಳಿಕೊಟ್ಟವನು, ಶನಿವಾರದ ಸುರಕ್ಷತೆಯ ಕ್ಲಾಸು ಅವನದೇ. "ಮೊದಲು ಸ್ಲೈಡ್ ಎಳೆದ್ರೆ ಏನಾಗುತ್ತೆ?" ಎಂದು ಕೇಳುತ್ತಿದ್ದ. ಆಮೇಲೆ ತಾನೇ ಹೇಳುತ್ತಿದ್ದ: "ಒಂದು ಗುಂಡು ಹೊರಗೆ ಬೀಳುತ್ತೆ. ಅದು ಬಿದ್ದಿದ್ದನ್ನ ನೀವು ಕಣ್ಣಾರೆ ನೋಡ್ತೀರಿ. ಖಾಲಿಯಾಯ್ತು ಅಂದ್ಕೋತೀರಿ. ಆದ್ರೆ ಡಬ್ಬಿ ಇನ್ನೂ ಒಳಗಿದೆ. ಕೆಳಗಿಂದ ಇನ್ನೊಂದು ಗುಂಡು ಮೇಲೆ ಬಂದು ಕೂತಾಯ್ತು. ಅದಕ್ಕೇ ಒಂದು ಸಲ ನೋಡಿ. ಕಣ್ಣನ್ನ ಬೇರೆ ಕಡೆ ತಿರುಗಿಸಿ. ಮತ್ತೆ ನೋಡಿ. ಮೊದಲನೇ ಸಲ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತೆ."

ಎಡಗೈಗೆ ಒತ್ತುಗುಂಡಿ ಸಿಗಲಿಲ್ಲ. ಬೆರಳು ಅದನ್ನು ಹುಡುಕಿತು, ತಪ್ಪಿತು, ಮತ್ತೆ ಹುಡುಕಿತು. ಕೈ ಸಿಟ್ಟಿಗೆದ್ದು, ಆಗುವ ಕೆಲಸವನ್ನಾದರೂ ಮಾಡೋಣವೆಂದು, ಸ್ಲೈಡನ್ನು ಮೇಜಿನ ಅಂಚಿಗೆ ಒತ್ತಿ ಎಳೆದುಬಿಟ್ಟಿತು. ಗುಂಡೊಂದು ಹಾರಿ ಸಿಮೆಂಟು ನೆಲದ ಮೇಲೆ ಟಣಟಣ ಉರುಳಿತು. ಅವನು ಅದು ಉರುಳುವುದನ್ನು ನೋಡಿದ, ಬಗ್ಗಿ ಎತ್ತಿ ಜೇಬಿಗೆ ಹಾಕಿಕೊಂಡ. ಆಮೇಲೆ ನಿಧಾನವಾಗಿ ಡಬ್ಬಿಯನ್ನೂ ಬಿಡಿಸಿದ. ಒಂದು ಸಲವೂ ಒಳಗೆ ನೋಡಲಿಲ್ಲ. ಕೀಲನ್ನು ಮೇಲಕ್ಕೆ ಒತ್ತಿದ. ಟಿಕ್. ಸೇಫ್ಟಿ ಹಾಕಿದ ಮೇಲೆ ಟ್ರಿಗರ್ ಎಳೆದರೆ ಏನೂ ಆಗಬಾರದು, ಕೀಲು ಸರಿಯಾಗಿ ಕೂತಿದೆಯೇ ಎಂಬುದಕ್ಕೆ ಅದೇ ಪರೀಕ್ಷೆ. ಅವನು ಟ್ರಿಗರ್ ಎಳೆದ. ಎಡಗೈ ಒಂದು ಸಲ ಹೆಚ್ಚಿಗೆ ಅರ ಆಡಿಸಿತ್ತು.

ಸದ್ದು ಕಿವಿಯೊಳಗೆ ಹೋಗಿ ಅಲ್ಲೇ ಉಳಿಯಿತು. ಫ್ರೀಜರಿನ ಪಕ್ಕೆಯಲ್ಲಿ ತೂತಾಗಿತ್ತು, ಮತ್ತೇನೂ ಆಗಿರಲಿಲ್ಲ. ಮೇಜಿನ ಮುಂದೆ ಫ್ರೀಜರಿಲ್ಲದೆ ಮೆಟ್ಟಿಲಿದ್ದಿದ್ದರೆ? ಮೆಟ್ಟಿಲ ಮೇಲೆ ಡೊಲೋರಿಸ್, ಕೈಯಲ್ಲಿ ಪಿರೋಹಿಯ ತಟ್ಟೆ ಹಿಡಿದು, ಇಳಿದು ಬರುತ್ತಿದ್ದಿದ್ದರೆ? ಆ ಯೋಚನೆ ಬಂದದ್ದೇ ಅವನು ಪಿಸ್ತೂಲನ್ನು ಮೇಜಿನ ಮೇಲಿಟ್ಟು ದೂರ ಸರಿದ. ಅವನಿಗೆ ಭಯವಾಯಿತು, ಹಿಂದೆಂದೂ ಆಗದಷ್ಟು ಭಯವಾಯಿತು, ಮತ್ತು ಆ ಭಯದ ಹಿಂದೆಯೇ, ಬಾಗಿಲಿಗೆ ಕಾದು ನಿಂತಿದ್ದಂತೆ, ಶನಿವಾರದ ಕ್ಲಾಸಿನ ಯೋಚನೆಯೂ ಒಳಗೆ ಬಂತು. ಹೆಂಡತಿ ಸಾಯಬಹುದಿತ್ತು ಎಂಬುದರ ಬೆನ್ನಿಗೇ ಜನ ಏನೆನ್ನುತ್ತಾರೆ ಎಂಬುದು ಬಂದಿತ್ತಲ್ಲ, ಅದನ್ನು ಅವನು ತನಗೆ ತಾನೇ ಕ್ಷಮಿಸಿಕೊಂಡಿರಲಿಲ್ಲ. ಆದರೂ ಮೇಲೆ ಹತ್ತಿ ಹೋಗಿ ಜಲಪಾತವನ್ನು ಕಿತ್ತು ತಂದ.

ಕ್ಲೈಡ್ ಹೇಳಿದ್ದಕ್ಕಿಂತ ಮುಂಚೆಯೇ ಬಂದ. ದೊಡ್ಡ ಹೊಟ್ಟೆಯ, ಸಣ್ಣ ದನಿಯ ಮನುಷ್ಯ. ಬಾಗಿಲಲ್ಲಿ ಬೂಟು ಬಿಚ್ಚುತ್ತಲೇ ಬೆಡ್‌ಶೀಟಿನ ಮೂಲೆ ಎತ್ತಿ ಕೊಂಬು ನೋಡಿದ. ಎಂಟು ಕವಲು. ಶಿಳ್ಳೆ ಹಾಕಿದ.

"ಕ್ಲಬ್ಬಿನ ಬೇಟೆ ಬೋರ್ಡ್ ಮೇಲೆ ನಿನ್ನ ಹೆಸರು ಬರೆಯೋಕೆ ಚಿನ್ನದ ಬಣ್ಣ ತಂದಿಟ್ಟಿದೀನಿ, ಡೊಲೋರಿಸ್. ನಮ್ಮಪ್ಪನ ಕಾಲದಿಂದ ಆ ಬೋರ್ಡಲ್ಲಿ ಒಬ್ಬ ಹೆಂಗಸಿನ ಹೆಸರಿಲ್ಲ. ಕೆಲವರಿಗೆ ಹೊಟ್ಟೆ ಉರೀತಿದೆ, ಗೊತ್ತಾ?"

"ಉರೀಲಿ. ಮಜ್ಜಿಗೆ ಕಳಿಸ್ತೀನಿ" ಎಂದಳು ಡೊಲೋರಿಸ್. ಅವಳ ಕೆನ್ನೆ ಕೆಂಪಾಯಿತು. ಒಲೆಯ ಶಾಖಕ್ಕಲ್ಲ.

"ನಿನ್ನ ಗಂಡನ ಹೆಸರೂ ಇಲ್ಲ ಅದರಲ್ಲಿ. ಅವನಿಗೆ ಉರಿಯೋದಿಲ್ವಾ?"

"ಅವನನ್ನೇ ಕೇಳು."

"ನನಗೆ ಕಿವಿ ಕೇಳಲ್ಲ" ಎಂದ ಎಮಿಲ್. ಇಬ್ಬರೂ ನಕ್ಕರು.

ಉರಿಯುತ್ತಿತ್ತು. ಬೇಟೆಯ ಸೀಸನ್ನಿನ ಮೊದಲ ದಿನ, ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ, ಅವನು ಟ್ರಕ್ಕಿನಲ್ಲಿ ಮೊಣಕಾಲಿನ ಮೇಲೆ ಕಂಬಳಿ ಹೊದ್ದು ಕೂತಿದ್ದ. ಕೋವಿ ಎತ್ತಲು ಬಾರದವನು ಕಾಡಿಗೇಕೆ ಬರಬೇಕಿತ್ತೋ. ಮನೆಯಲ್ಲಿ ಕೂರುವುದು ಅದಕ್ಕಿಂತ ಕೆಟ್ಟದಾಗಿ ಕಾಣುತ್ತಿತ್ತು. ಫ್ಲಾಸ್ಕಿನ ಮುಚ್ಚಳ ತಿರುಗಿಸಲಾಗದೆ ಕಾಫಿಯೂ ಇಲ್ಲ. ಗುಡ್ಡದ ಮೇಲಿಂದ ಒಂದೇ ಒಂದು ಹೊಡೆತ ಕೇಳಿಸಿತು. ಆಮೇಲೆ ನಿಶ್ಶಬ್ದ. ಒಂದೇ ಹೊಡೆತ ಎಂದರೆ ಜಿಂಕೆ ಬಿದ್ದಿದೆ ಎಂದರ್ಥ, ಅದು ಅವನಿಗೆ ಗೊತ್ತು. ಮೊದಲು ಎದೆಯುಬ್ಬಿತು, ಆಮೇಲೆ ಅದೇ ಎದೆಯಲ್ಲಿ ಇನ್ನೇನೋ ಇಳಿಯಿತು. ಅವಳು ಜಿಂಕೆಯನ್ನು ತಾನೇ ಬಗೆದು, ಹಿಮದ ಮೇಲೆ ತಾನೇ ಎಳೆದುಕೊಂಡು ಬಂದಳು. ಮೊಣಕೈವರೆಗೆ ರಕ್ತ, ಮುಖದಲ್ಲಿ ಹುಡುಗಿಯ ನಗು. "ಭುಜದ ಹಿಂದೆ, ಒಂದೇ ಗುಂಡು, ಎಮಿಲ್! ಆಚೆ ಕಡೆಯಿಂದ ಹೊರಗೆ ಹೋಗಿದೆ. ನಾಲ್ಕು ಹೆಜ್ಜೆ ಹಾಕ್ತು, ಬಿತ್ತು!" ಎಂದು ಆ ಚಳಿಯಲ್ಲಿ ಕೂಗಿದಳು. ಅವನು ಕಿಟಕಿ ಇಳಿಸಿ, "ಫ್ಲಾಸ್ಕ್ ತೆಗೆದುಕೊಡ್ತೀಯಾ?" ಎಂದ. ಅವಳು ರಕ್ತದ ಕೈಯಲ್ಲೇ ತೆಗೆದುಕೊಟ್ಟಳು.

ಊಟಕ್ಕೆ ಕೂತರು. ಡೊಲೋರಿಸ್ ಪ್ರಾರ್ಥನೆ ಹೇಳಿದಳು. ಕ್ಲೈಡ್ ಬ್ರೆಡ್ಡು ಮುರಿದುಕೊಂಡು, ಮಾಂಸದ ದೊಡ್ಡ ತುಂಡುಗಳನ್ನು ಬಡಿಸಿಕೊಂಡ. ಇವತ್ತು ಸಣ್ಣಗೆ ಹೆಚ್ಚಿರಲಿಲ್ಲ. ಅತಿಥಿ ಎಂದು ತುಂಡುಗಳು ತುಂಡುಗಳಂತೆಯೇ ಇದ್ದವು.

"ಶನಿವಾರ ನಿನ್ನ ಕ್ಲಾಸಿಗೆ ಹೊಸಬರು ಜಾಸ್ತಿ ಇದಾರೆ" ಎಂದ ಕ್ಲೈಡ್ ಬಾಯಿ ತುಂಬಿಕೊಂಡು. "ಪಟ್ಟಣದವರು. ಒಬ್ಬನಂತೂ ಪಿಸ್ತೂಲನ್ನ ಟಿವಿ ರಿಮೋಟ್ ತರ ಹಿಡೀತಾನೆ. ಚೆನ್ನಾಗಿ ಬೈದು ಹೇಳ್ಕೊಡು. ನೀನು ಹೇಳಿದ್ರೆ ಕೇಳ್ತಾರೆ."

"ಹೇಳ್ತೀನಿ."

"ಕೀಲು ಹೇಗೆ ಕೂತಿದೆ? ಎಡಗೈಗೆ ಒಗ್ಗಿದ್ಯಾ?"

ಎಮಿಲ್ ಚಮಚ ಕೆಳಗಿಟ್ಟ. ಹೇಳಬಹುದಿತ್ತು. ಈಗ, ಹೀಗೇ, ಬ್ರೆಡ್ಡಿನ ಮೇಲೆ ಬೆಣ್ಣೆ ಸವರುತ್ತ ಹೇಳಿಬಿಡಬಹುದಿತ್ತು. ಜಾಸ್ತಿ ಉಜ್ಜಿಬಿಟ್ಟೆ ಕ್ಲೈಡ್, ಫ್ರೀಜರಿಗೆ ಹೊಡೆದೆ. ಕ್ಲೈಡ್ ನಗುತ್ತಿದ್ದ. ಆಮೇಲೆ ನಗು ನಿಲ್ಲುತ್ತಿತ್ತು. ಆಮೇಲೆ ತುಂಬಾ ಮೆತ್ತಗೆ, ಡಾಕ್ಟರು ಸಣ್ಣದು ಎಂದಷ್ಟೇ ಮೆತ್ತಗೆ, ಶನಿವಾರದ ಕ್ಲಾಸನ್ನು ಈ ಸಲ ಬೇರೆಯವರಿಗೆ ಕೊಡೋಣ ಎನ್ನುತ್ತಿದ್ದ. ಈ ಸಲ ಎಂದರೆ ಇನ್ನು ಮೇಲೆ. ಎಮಿಲ್ ಬೆಣ್ಣೆಯನ್ನು ನೋಡಿದ.

"ಒಗ್ತಾ ಇದೆ" ಎಂದ.

ಆಗ ಕ್ಲೈಡನ ಹಲ್ಲಿಗೆ ಏನೋ ಸಿಕ್ಕಿ ಕಟಕ್ಕೆಂದಿತು. ಅವನು ಕೆನ್ನೆ ಓರೆ ಮಾಡಿ, ಎರಡು ಬೆರಳು ಬಾಯಿಗೆ ಹಾಕಿ, ಅದನ್ನು ಹೊರಗೆ ತೆಗೆದು ತಟ್ಟೆಯ ಅಂಚಿಗೆ ಹಾಕಿದ. ಟಣ್. ಇಂಥ ಮನೆಗಳಲ್ಲಿ ಊಟದ ನಡುವೆ ಸೀಸದ ಚೂರು ಸಿಗುವುದು ಹೊಸದಲ್ಲ. ಜನ ತಟ್ಟೆಯ ಅಂಚಿಗಿಟ್ಟು ಊಟ ಮುಂದುವರಿಸುತ್ತಾರೆ. ಕ್ಲೈಡೂ ಮುಂದುವರಿಸಿದ. ಇನ್ನೊಂದು ತುತ್ತು ತಿಂದ. ಆಮೇಲೆ ಅವನ ಕಣ್ಣು ತಟ್ಟೆಯ ಅಂಚಿಗೆ ಮರಳಿತು. ಚಮಚ ಇಟ್ಟು ಅದನ್ನೆತ್ತಿಕೊಂಡ, ಕಾಗದದ ಕರವಸ್ತ್ರದಲ್ಲಿ ಒರೆಸಿದ, ಕಿಟಕಿಯ ಬೆಳಕಿಗೆ ಹಿಡಿದ. ಗಿಡ್ಡಗೆ, ದಪ್ಪಗೆ, ಮೂತಿ ಚಪ್ಪಟೆಯಾದ ತಾಮ್ರದ ಬಣ್ಣದ ಗುಂಡು. ಮೇಜಿನ ಸುತ್ತ ಕೂತಿದ್ದ ಮೂವರಿಗೂ ಅದು ಎಂಥ ಗುಂಡೆಂದು ಗೊತ್ತಾಗಲು ಕನ್ನಡಕ ಬೇಕಿರಲಿಲ್ಲ.

"ಇದು ಕೋವಿದಲ್ಲ" ಎಂದ ಕ್ಲೈಡ್.

ಒಲೆಯ ಮೇಲೆ ಕಾಫಿ ಕುದಿಯಲಾರಂಭಿಸಿತು.

"ಡೊಲೋರಿಸ್, ಇದು ನಿನ್ನ ಜಿಂಕೆನೇ ತಾನೇ?"

"ನನ್ನ ಜಿಂಕೆನೇ. ಬೇರೆ ಮಾಂಸ ಮನೇಲಿಲ್ಲ."

"ಇದು ಪಿಸ್ತೂಲಿನ ಗುಂಡು."

ಅವನು ಹೇಳಿದ್ದು ಮೆಲ್ಲಗೆ, ಆದರೆ ಕ್ಲಬ್ಬಿನ ಅಧ್ಯಕ್ಷನ ದನಿ ಬಂದುಬಿಟ್ಟಿತ್ತು. ಅಂಥ ಪಿಸ್ತೂಲಿನಿಂದ ಜಿಂಕೆಗೆ ಹೊಡೆಯುವಂತಿಲ್ಲ. ಬಿದ್ದು ಒದ್ದಾಡುತ್ತಿರುವ ಜಿಂಕೆಗೂ ಹೊಡೆಯುವಂತಿಲ್ಲ. ಅದು ಸರಕಾರದ ಕಾನೂನು, ಮತ್ತು ಬೋರ್ಡಿನ ಮುಂದೆ ನಿಲ್ಲುವ ಗಂಡಸರಿಗೆ ಅದಕ್ಕಿಂತ ಹೆಚ್ಚಿನದು. ಎಮಿಲನಿಗೆ ಎಲ್ಲ ಒಮ್ಮೆಗೇ ಕಂಡಿತು. ತನ್ನ ಗುಂಡು ತಗಡು ಸೀಳಿ, ಬಿಳಿ ಕಾಗದದ ಪೊಟ್ಟಣಗಳ ನಡುವೆ ನುಗ್ಗಿ, ಹೆಪ್ಪುಗಟ್ಟಿದ ತೊಡೆಯ ಮಾಂಸದಲ್ಲಿ ಹೂತು ಕೂತದ್ದು, ಇಲ್ಲಿಯವರೆಗೆ ಕಾದದ್ದು, ಇವತ್ತು ಎದ್ದು ಬಂದು ತನ್ನ ಹೆಸರು ಹೇಳದೆ ಅವಳ ಹೆಸರು ಹೇಳುತ್ತಿರುವುದು. ಈಗ ಮಾತಾಡಬೇಕಾದವನು ತಾನು. ಅವನು ಬಾಯಿ ತೆರೆದ. ನಾಲಿಗೆ ಮೇಲಕ್ಕೆ ಹೋಗಿ ನಿಂತಿತು. ಸ್ಟ್ರೋಕ್ ಆದ ದಿನ ಹೀಗೇ ಆಗಿತ್ತು, ಆದರೆ ಇದು ಸ್ಟ್ರೋಕ್ ಅಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಡೊಲೋರಿಸ್ ಅವನನ್ನು ನೋಡಿದಳು. ತುಂಬಾ ಹೊತ್ತಲ್ಲ. ಬಸ್ಸು ಬರುತ್ತದೆಯೇ ಎಂದು ರಸ್ತೆಯ ಆಚೆ ನೋಡುವಷ್ಟು ಹೊತ್ತು. ಆಮೇಲೆ ಕ್ಲೈಡನ ಕಡೆ ತಿರುಗಿದಳು.

"ಒದ್ದಾಡ್ತಾ ಇತ್ತು" ಎಂದಳು. "ನೋಡೋಕಾಗ್ಲಿಲ್ಲ. ಸೊಂಟದಲ್ಲಿ ಎಮಿಲನ ಪಿಸ್ತೂಲಿತ್ತು. ಮುಗಿಸ್ದೆ."

"ಎಲ್ಲಾರ ಹತ್ರ ಒಂದೇ ಗುಂಡು ಅಂದಿದ್ದೆ."

"ಅಂದಿದ್ದೆ."

"ತೊಡೆಗೆ ಯಾಕೆ ಹೊಡೆದೆ, ಮಾರಾಯ್ತಿ? ಮುಗಿಸೋಳು ತಲೆಗೆ ಹೊಡೀತಾಳೆ."

"ಕೈ ನಡುಗ್ತು."

ಅವಳ ಕೈ ನಡುಗುತ್ತಿರಲಿಲ್ಲ. ಅವಳ ಕೈ ಎಂದೂ ನಡುಗಿದ್ದಿಲ್ಲ. ಕ್ಲೈಡ್ ಗುಂಡನ್ನು ತಟ್ಟೆಯ ಅಂಚಿಗೆ ಮರಳಿ ಇಟ್ಟು, ಎಮಿಲನ ಕಡೆ ನೋಡಿದ.

"ನೀನೆಲ್ಲಿದ್ದೆ ಆಗ?"

"ಟ್ರಕ್ಕಲ್ಲಿ" ಎಂದ ಎಮಿಲ್.

ಆ ಊಟದಲ್ಲಿ ಅವನು ಆಡಿದ ನಿಜ ಅದೊಂದೇ. ಆಡುತ್ತಿದ್ದಂತೆ ಅದು ಸುಳ್ಳಾಯಿತು. ಮತ್ತು ಅದಕ್ಕಿಂತಲೂ ಕೆಟ್ಟದ್ದು ಎದೆಯೊಳಗೆ ಆಗುತ್ತಿತ್ತು: ಬಿಗಿಹಿಡಿದಿದ್ದ ಉಸಿರು ಬಿಟ್ಟಂತಾಗಿ, ಶನಿವಾರ ತನ್ನ ಶನಿವಾರವಾಗಿಯೇ ಉಳಿಯಿತೆಂಬ ಹಗುರ. ಅದರ ಬುಡದಲ್ಲಿ, ಚಿನ್ನದ ಬಣ್ಣದಲ್ಲಿ ಬರೆಯದೆ ಉಳಿಯುವ ಒಂದು ಹೆಸರಿಗಾಗಿ ಸಾಸಿವೆಯಷ್ಟು ಸಂತೋಷ. ಅವನು ಅದನ್ನು ಕಂಡ. ಕಾಣದಂತೆ ಇರಲು ಅವನಿಗೆ ಆಗಲಿಲ್ಲ. ತಟ್ಟೆಯಲ್ಲಿದ್ದ ಜಿಂಕೆಯನ್ನು ಕೊನೆಯ ಚೂರಿನವರೆಗೆ ತಿಂದ.

ಕ್ಲೈಡ್ ಕಾಫಿ ಕುಡಿಯಲಿಲ್ಲ. ಬಾಗಿಲಲ್ಲಿ ಬೂಟು ಹಾಕಿಕೊಳ್ಳುವುದಕ್ಕೆ ತುಂಬಾ ಹೊತ್ತು ತೆಗೆದುಕೊಂಡ. ಬೆಡ್‌ಶೀಟಿನ ಗಂಟನ್ನು ನೋಡದಿರಲು ಪಟ್ಟ ಕಷ್ಟಕ್ಕೆ ಅವನ ಕತ್ತು ಕೆಂಪಾಗಿತ್ತು.

"ನಾನೇನೂ ನೋಡಿಲ್ಲ, ಯಾರಿಗೂ ಹೇಳಲ್ಲ" ಎಂದ. "ಆದ್ರೆ ಬೋರ್ಡಿಗೆ ಹಾಕೋಕಾಗಲ್ಲ, ಡೊಲೋರಿಸ್. ನನಗೆ ಗೊತ್ತಿದ್ದೂ ಹಾಕೋಕಾಗಲ್ಲ."

"ಗೊತ್ತು."

"ಒಳ್ಳೆ ಕೊಂಬು."

"ಗೊತ್ತು ಕ್ಲೈಡ್. ರಸ್ತೆ ಜಾರುತ್ತೆ, ಹುಷಾರಾಗಿ ಹೋಗು."

ಅವನು ಎಮಿಲನ ಭುಜ ತಟ್ಟಿದ. ಹೆಂಡತಿ ತಪ್ಪು ಮಾಡಿದವನ ಭುಜ ತಟ್ಟುವ ಹಾಗೆ. "ಶನಿವಾರ ಬರ್ತೀಯಲ್ಲ" ಎಂದು ಟ್ರಕ್ಕು ಹತ್ತಿದ.

ಡೊಲೋರಿಸ್ ಪಾತ್ರೆ ತೊಳೆದಳು. ಎಮಿಲ್ ಪಕ್ಕದಲ್ಲಿ ನಿಂತು ಎಡಗೈಯಿಂದ ಒರೆಸಿದ. ನಲ್ಲಿಯ ನೀರೂ ಗುಂಯ್ ಎನ್ನುತ್ತಿತ್ತು. ಅವಳು ಕೊನೆಯ ತಟ್ಟೆ ತೊಳೆಯುವಾಗ, ಅದರ ಅಂಚಿನಲ್ಲಿದ್ದ ಗುಂಡನ್ನು ಎತ್ತಿ ಕಿಟಕಿಯ ಹಲಗೆಯ ಮೇಲೆ, ಸೋಪಿನ ಪಕ್ಕದಲ್ಲಿಟ್ಟಳು.

"ಯಾವಾಗ ಗೊತ್ತಾಯ್ತು?" ಎಂದ ಎಮಿಲ್.

"ಕ್ಯಾಲೆಂಡರ್ ಬಿದ್ದ ದಿನ." ಅವಳು ಅವನನ್ನು ನೋಡದೆ ಹೇಳಿದಳು. "ತೂತಿರೋ ಪೊಟ್ಟಣ ಸಿಕ್ತು, ಗುಂಡು ಸಿಗ್ಲಿಲ್ಲ. ನೀನು ಹುಡುಕೋಕೆ ಹೋಗಿ ಎಲ್ಲಾ ಹಿಂದೆಮುಂದೆ ಮಾಡಿಟ್ಟಿದ್ದೆ. ದಿನಾ ಒಂದೊಂದು ತುಂಡು ತೆಗೆದು ಸಣ್ಣಗೆ ಹೆಚ್ಚಿ ಹೆಚ್ಚಿ ನೋಡ್ತಿದ್ದೆ. ಇವತ್ತೊಂದ್ ದಿನ ಕ್ಲೈಡ್ ಬರ್ತಾನಲ್ಲ, ದೊಡ್ಡದಾಗಿ ಹಾಕೋಣ ಅಂದ್ಕೊಂಡೆ."

"ನನ್ನನ್ನ ಕೇಳಬಹುದಿತ್ತು."

"ನೀನು ಹೇಳ್ತೀಯಾ ಅಂತ ಕಾಯ್ತಿದ್ದೆ. ಇವತ್ತೂ ಕಾದೆ. ಕ್ಲೈಡ್ ಮುಂದೆ."

ಅವನು ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದ. ಅವಳು ಬೈದಿದ್ದರೆ ಎಷ್ಟೋ ಸುಖವಾಗಿರುತ್ತಿತ್ತು. ಅವಳು ಬೈಯಲಿಲ್ಲ. ನಲ್ಲಿ ನಿಲ್ಲಿಸಿ, "ಪಿಸ್ತೂಲು ತಗೊಂಬಾ" ಎಂದಳು.

ಅವನು ಮಲಗುವ ಕೋಣೆಗೆ ಹೋಗಿ ಡ್ರಾಯರು ತೆರೆದ. ಹಾಸಿಗೆಯ ಅಂಚಿನಲ್ಲಿ ಕೂತು, ಎಡಗೈಯ ಬೆರಳಿನಿಂದ ಒತ್ತುಗುಂಡಿಯನ್ನು ಹುಡುಕಿದ. ಅವಸರ ಮಾಡಲಿಲ್ಲ. ಮೊದಲು ಡಬ್ಬಿ, ಆಮೇಲೆ ಸ್ಲೈಡು. ಸ್ಲೈಡನ್ನು ಹಿಂದಕ್ಕೆ ಸಿಕ್ಕಿಸಿ, ಬಾಯಿ ತೆರೆದ ಪಿಸ್ತೂಲನ್ನು ಅಡುಗೆಮನೆಗೆ ತಂದು, ನಳಿಗೆಯನ್ನು ನೆಲಕ್ಕೆ ಮಾಡಿ, ಅವಳ ಮುಂದೆ ಚಾಚಿದ. ಈ ಬೇಟೆಗಾರ ಜನರಲ್ಲಿ ಒಂದು ಪದ್ಧತಿ ಇದೆ. ಕೊಡುವವನು ಖಾಲಿ ಎಂದು ತೋರಿಸಿಯೇ ಕೊಡುತ್ತಾನೆ, ಆದರೂ ತೆಗೆದುಕೊಳ್ಳುವವನು ತಾನೂ ನೋಡಬೇಕು. ಅಪ್ಪ ಕೊಟ್ಟರೂ ಮಗ ನೋಡಬೇಕು, ಪಾದ್ರಿ ಕೊಟ್ಟರೂ ನೋಡಬೇಕು. ನೋಡಿದರೆ ಅವಮಾನವಲ್ಲ. ಡೊಲೋರಿಸ್ ಮಾತ್ರ ಮದುವೆಯಾದಾಗಿನಿಂದ ಎಮಿಲ್ ಕೊಟ್ಟದ್ದನ್ನು ನೋಡದೆಯೇ ತೆಗೆದುಕೊಳ್ಳುತ್ತಿದ್ದಳು. ಅವನು ಬೈಯುತ್ತಿದ್ದ. ಕ್ಲಾಸಿನಲ್ಲಿ ಅವಳ ಹೆಸರು ಹೇಳದೆ ಅದನ್ನೇ ಉದಾಹರಣೆ ಕೊಡುತ್ತಿದ್ದ. ಅವಳು ನಗುತ್ತಿದ್ದಳು. "ನೀನು ನೋಡ್ದೆ ಕೊಡ್ತೀಯಾ? ಮತ್ತೆ ನಾನ್ಯಾಕೆ ನೋಡ್ಲಿ?"

ಡೊಲೋರಿಸ್ ಅಡುಗೆಯ ಏಪ್ರನ್ನಿನಲ್ಲಿ ಕೈ ಒರೆಸಿಕೊಂಡಳು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಪಿಸ್ತೂಲು ತೆಗೆದುಕೊಂಡು, ಸ್ಲೈಡು ಸರಿದು ತೆರೆದ ಬಾಯನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿ, ಒಳಗೆ ನೋಡಿದಳು. ಕಿರುಬೆರಳನ್ನು ಮೆಲ್ಲಗೆ ಒಳಗೆ ಹಾಕಿ ತಡವಿದಳು. ಆಮೇಲೆ ತಲೆಯೆತ್ತಿ ಹೊರಗೆ, ಕ್ಲೈಡನ ಟ್ರಕ್ಕು ಹಿಮದಲ್ಲಿ ಬಿಟ್ಟುಹೋಗಿದ್ದ ಗಾಲಿಯ ಗುರುತಿನ ಕಡೆ ನೋಡುತ್ತ ಒಂದಿಷ್ಟು ಹೊತ್ತು ನಿಂತಳು.

ಎಮಿಲ್ ಕಾದ.

ಅವಳು ತಲೆ ತಗ್ಗಿಸಿ ಮತ್ತೆ ನೋಡಿದಳು.